ಸೂಜಿಯ ಮಾತು ಬೇರೆ, ಪುಡಿಯ ಮಾತು ಬೇರೆ

ಪ್ರಶ್ನೆ: ನಮ್ಮ ಯಜಮಾನರಿಗೆ ಐವತ್ತೆಂಟು ವರ್ಷ. ಸೊಲ್ಲಾಪುರದ ಚಾದರ ಕಾರ್ಖಾನೆಯಲ್ಲಿ ವಿದ್ಯುತ್ ಮಗ್ಗದ ಮುಂದೆ ನಿಂತು ದುಡಿದವರು. ಸೊಂಟನೋವು ಬಹಳ ಹಳೆಯದು. ಹೃದಯದ ಕವಾಟ ಬದಲಿಸಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ. ಪರಿಚಯದವರೊಬ್ಬರು ಅಕ್ಯುಪಂಕ್ಚರ್ ಮಾಡಿಸಿ, ಜೊತೆಗೆ ಚೀನೀ ಗಿಡಮೂಲಿಕೆಯ ಪುಡಿಯನ್ನೂ ಕೊಡಿಸುತ್ತೇನೆ, ಆಮೇಲೆ ಗುಳಿಗೆಯೇ ಬೇಕಾಗುವುದಿಲ್ಲ ಎನ್ನುತ್ತಾರೆ. ಇದು ಎಂಥ ಚಿಕಿತ್ಸೆ? ನಂಬಬಹುದೇ?
— ಓದುಗರೊಬ್ಬರು, ಅಕ್ಕಲಕೋಟೆ

ಉತ್ತರ: ಮೊದಲು ಗುಳಿಗೆಯ ವಿಷಯ. ಕೃತಕ ಕವಾಟ ಇರುವವರು ವಾರ್ಫರಿನ್ ನಿಲ್ಲಿಸಿದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು, ಪ್ರಾಣಕ್ಕೂ ಕುತ್ತು ಬರಬಹುದು. ಹೃದ್ರೋಗ ತಜ್ಞರನ್ನು ಕೇಳದೆ ಒಂದು ದಿನವೂ ಅದನ್ನು ತಪ್ಪಿಸಬೇಡಿ.

ಇನ್ನು ಅಕ್ಯುಪಂಕ್ಚರ್‌ನ ಸೂಜಿಯನ್ನೂ ಮೂಲಿಕೆಯ ಪುಡಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು ನನ್ನ ಅಭಿಪ್ರಾಯ. ಎರಡೂ ಚೀನಾದ ಒಂದೇ ವೈದ್ಯಪರಂಪರೆಗೆ ಸೇರಿದವು, ಎರಡಕ್ಕೂ ಸುಮಾರು ಎರಡು ಸಾವಿರ ವರ್ಷ ಹಿಂದಿನ 'ಹುವಾಂಗ್‌ದಿ ನೇಯ್‌ಜಿಂಗ್' ಎಂಬ ಗ್ರಂಥವೇ ಆಧಾರ. ಆದರೆ ಒಂದು ಚರ್ಮದ ಕೆಳಗೆ ಅರ್ಧ ಗಂಟೆ ಇದ್ದು ಹೊರಬರುತ್ತದೆ, ಇನ್ನೊಂದು ಹೊಟ್ಟೆಗೆ ಇಳಿದು ಯಕೃತ್ತು, ಮೂತ್ರಪಿಂಡಗಳನ್ನು ಹಾದುಹೋಗುತ್ತದೆ.

'ಚಿ' ಎಂಬ ಪ್ರಾಣಶಕ್ತಿ ದೇಹದಲ್ಲಿ ಹನ್ನೆರಡು ಮುಖ್ಯ ಮಾರ್ಗಗಳಲ್ಲಿ ಹರಿಯುತ್ತದೆ, ಅದು ತಡೆದಾಗ ನೋವು ಹುಟ್ಟುತ್ತದೆ ಎಂಬುದು ಹಳೆಯ ವಿವರಣೆ. ಇವುಗಳ ಜೊತೆ ದೇಹದ ನಡುಗೆರೆಯ ಎರಡು ಮಾರ್ಗಗಳೂ ಸೇರಿ 361 ಬಿಂದುಗಳನ್ನು ಗುರುತಿಸಿದ್ದಾರೆ. ಸೊಂಟನೋವಿಗೆ ಸೊಂಟಕ್ಕೆ ಮಾತ್ರವಲ್ಲ, ಮೊಣಕಾಲಿನ ಹಿಂಬದಿಯ ಮಡಿಕೆಯ ನಡುವೆ ಇರುವ 'ವೇಯ್‌ಜೊಂಗ್' ಬಿಂದುವಿಗೂ ಸೂಜಿ ಹಾಕುವುದುಂಟು. ಈ ಮಾರ್ಗಗಳು ಶವಪರೀಕ್ಷೆಯಲ್ಲಾಗಲಿ ಸೂಕ್ಷ್ಮದರ್ಶಕದಲ್ಲಾಗಲಿ ಕಂಡಿಲ್ಲ. ಆದರೆ ಸೂಜಿಯಿಂದ ನರಗಳು ಪ್ರಚೋದನೆಗೊಂಡು ಎಂಡಾರ್ಫಿನ್‌ನಂಥ ನೋವುಶಮಕಗಳನ್ನು ದೇಹವೇ ಬಿಡುಗಡೆ ಮಾಡುವುದು ಪ್ರಯೋಗಗಳಲ್ಲಿ ಕಂಡುಬಂದಿದೆ.

ಇಂಜೆಕ್ಷನ್ ಸೂಜಿಯಂತೆ ಇದರೊಳಗೆ ರಂಧ್ರವಿಲ್ಲ. ಕಾಲು ಮಿಲಿಮೀಟರಿನಷ್ಟು ದಪ್ಪದ ಉಕ್ಕಿನ ತಂತಿ ಅದು. ಪುಟ್ಟ ಕೊಳವೆಯೊಳಗಿಟ್ಟು ಮೇಲಿನಿಂದ ಬೆರಳಲ್ಲಿ ತಟ್ಟಿದರೆ ಚರ್ಮದೊಳಗೆ ಇಳಿಯುತ್ತದೆ. ಆಮೇಲೆ ಮೆಲ್ಲನೆ ತಿರುವಿದಾಗ ಆ ಜಾಗದಲ್ಲಿ ಭಾರವಾದಂತೆ, ಜುಮ್ಮೆಂದಂತೆ ಆಗುತ್ತದೆ. ಇಪ್ಪತ್ತು–ಮೂವತ್ತು ನಿಮಿಷ ಹಾಗೆಯೇ ಮಲಗಿರಬೇಕು.

ಉಪಯೋಗ ಎಷ್ಟು? ಜರ್ಮನಿಯಲ್ಲಿ 1162 ಜನ ಸೊಂಟನೋವಿನವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳ ನಂತರ ಅಕ್ಯುಪಂಕ್ಚರ್ ಪಡೆದವರಲ್ಲಿ ಸುಮಾರು ಶೇ. 47ರಷ್ಟು ಜನರಿಗೆ ಗುಣ ಕಂಡಿತ್ತು; ಗುಳಿಗೆ, ವ್ಯಾಯಾಮಗಳ ರೂಢಿಯ ಚಿಕಿತ್ಸೆಯಲ್ಲಿ ಶೇ. 27ರಷ್ಟು ಜನರಿಗೆ ಮಾತ್ರ. ಆದರೆ ಬಿಂದುವಲ್ಲದ ಕಡೆ ಸುಮ್ಮನೆ ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲೂ ಶೇ. 44ರಷ್ಟು ಜನರಿಗೆ ಗುಣ ಕಂಡಿತ್ತು. ಬಿಂದುವಿನ ಶಾಸ್ತ್ರಕ್ಕೆ ಇದು ತೊಡಕು, ನೋವಿನವರಿಗೆ ಅಲ್ಲ. ಆದ್ದರಿಂದ ನೋವಿಗಾಗಿ ಪ್ರಯತ್ನಿಸಿ ನೋಡುವುದಕ್ಕೆ ನನ್ನ ಅಡ್ಡಿಯಿಲ್ಲ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಕೂಡ ವಾಸಿಮಾಡುತ್ತೇವೆ ಎನ್ನುವವರ ಬಳಿ ಮಾತ್ರ ಹೋಗಬೇಡಿ.

ನಿಮ್ಮ ಯಜಮಾನರು ಹೋಗುವುದಾದರೆ ವಾರ್ಫರಿನ್ ವಿಷಯವನ್ನು ಮೊದಲೇ ತಿಳಿಸಲಿ, ಸೂಜಿ ತೆಗೆದ ಕಡೆ ರಕ್ತ ಜಿನುಗಿ ಕಪ್ಪುಗಟ್ಟುವುದು ಅವರಿಗೆ ಹೆಚ್ಚು. ಹೊಸ ಪ್ಯಾಕೆಟ್ಟನ್ನು ಕಣ್ಣೆದುರೇ ಒಡೆಯಬೇಕು. ಕಿವಿಯಲ್ಲಿ ದಿನಗಟ್ಟಲೆ ಬಿಡುವ ಪುಟ್ಟ ಸೂಜಿಗಳು ಕವಾಟದ ರೋಗಿಗೆ ಬೇಡವೇ ಬೇಡ. ಅಲ್ಲಿ ಸೋಂಕಾದರೆ ಕವಾಟಕ್ಕೇ ತಗುಲೀತು. ಎದೆ, ಭುಜದ ಮೇಲ್ಭಾಗಗಳಲ್ಲಿ ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತೂತಾಗುವ ಅಪಾಯ ಅಪರೂಪವಾದರೂ ಉಂಟು. ಮಹಾರಾಷ್ಟ್ರದಲ್ಲಿ ಅಕ್ಯುಪಂಕ್ಚರ್‌ಗೆ ಪ್ರತ್ಯೇಕ ಕಾಯ್ದೆಯೇ ಇದೆ. ಚಿಕಿತ್ಸೆ ಕೊಡುವವರ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ಪುಡಿಯ ವಿಷಯದಲ್ಲಿ ನಾನು ಇಷ್ಟು ಉದಾರಿಯಾಗಲಾರೆ. ಚೀನೀ ಮೂಲಿಕೆಗಳಲ್ಲಿ ಸತ್ವವಿಲ್ಲ ಎಂದಲ್ಲ. ನಾಲ್ಕನೆಯ ಶತಮಾನದ ವೈದ್ಯ ಗೆ ಹಾಂಗ್, ಚಿಂಗ್‌ಹಾವ್ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಸಬೇಕೆಂದು ಜ್ವರಕ್ಕೆ ಬರೆದದ್ದನ್ನು ಓದಿ, ಕುದಿಸಿದರೆ ಸತ್ವ ಕೆಡುತ್ತಿರಬಹುದೆಂದು ಊಹಿಸಿದ ತು ಯೂಯೂ ಅವರು ಕಡಿಮೆ ಶಾಖದಲ್ಲಿ ಸಾರ ತೆಗೆದರು. ಮಲೇರಿಯಾಕ್ಕೆ ಆರ್ಟಿಮಿಸಿನಿನ್ ಸಿಕ್ಕಿದ್ದು ಹಾಗೆ, ಅವರಿಗೆ 2015ರಲ್ಲಿ ನೊಬೆಲ್ ಬಂದದ್ದೂ ಅದಕ್ಕೇ. ನಮ್ಮ ಕಷಾಯದ ಶುಂಠಿ, ದಾಲ್ಚಿನ್ನಿ, ಜ್ಯೇಷ್ಠಮಧು ಚೀನೀ ವೈದ್ಯದಲ್ಲೂ ಇವೆ.

ಆದರೆ ಸತ್ವವಿರುವುದಕ್ಕೆ ದೋಷವೂ ಇರುತ್ತದೆ. ಡಾನ್‌ಶೆನ್, ಡಾಂಗ್ ಕ್ವಾಯ್ ಎಂಬ ಬೇರುಗಳು ವಾರ್ಫರಿನ್ ಜೊತೆ ಸೇರಿದರೆ ರಕ್ತ ಅತಿಯಾಗಿ ತೆಳುವಾಗಿ ಒಳಗೇ ರಕ್ತಸ್ರಾವವಾಗಬಹುದು. ಜ್ಯೇಷ್ಠಮಧು ಕೂಡ ಬಹುದಿನ ಹೆಚ್ಚಾಗಿ ತಿಂದರೆ ರಕ್ತದೊತ್ತಡ ಏರಿಸುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಔಷಧಕ್ಕೆ ಒಂದು ಚೀನೀ ಬೇರಿನ ಬದಲು, ಹೆಸರು ಹತ್ತಿರವಿದ್ದ ಇನ್ನೊಂದು ಬೇರು ಬೆರೆತು, ಅದರ ಅರಿಸ್ಟೊಲೋಕಿಕ್ ಆಮ್ಲದಿಂದ ಹಲವಾರು ಮಹಿಳೆಯರು ಮೂತ್ರಪಿಂಡಗಳನ್ನೇ ಕಳೆದುಕೊಂಡರು. ಅಂಥ ಸ್ಥಿತಿಯಲ್ಲಿ ಚೀಟಿಯಿಲ್ಲದ ಪೊಟ್ಟಣವನ್ನು ಕವಾಟದ ರೋಗಿಗೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಈಗಾಗಲೇ ಶುರುಮಾಡಿದ್ದರೆ ಪುಡಿ ನಿಲ್ಲಿಸಿ, ಪೊಟ್ಟಣದ ಸಮೇತ ವೈದ್ಯರನ್ನು ಕಂಡು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಐಎನ್‌ಆರ್ ರಕ್ತಪರೀಕ್ಷೆಯನ್ನು ಬೇಗ ಮಾಡಿಸಿ.

ಪ್ರಶ್ನೆ: ಭಾರತಕ್ಕೆ ಅಕ್ಯುಪಂಕ್ಚರ್ ತಂದವರು ನಮ್ಮ ಸೊಲ್ಲಾಪುರದ ಡಾ. ಕೋಟ್ನಿಸ್ ಎಂದು ಕೇಳಿದ್ದೇನೆ. ನಿಜವೇ?
— ವಿದ್ಯಾರ್ಥಿ, ಜತ್ತ

ಉತ್ತರ: ಅಲ್ಲ. ದ್ವಾರಕಾನಾಥ ಕೋಟ್ನಿಸ್ ಅವರು 1938ರಲ್ಲಿ ಕಾಂಗ್ರೆಸ್ ಕಳಿಸಿದ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋಗಿ, ಯುದ್ಧದ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಲೇ 1942ರ ಡಿಸೆಂಬರ್ 9ರಂದು ಅಲ್ಲೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು ಅವರು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು ಬಂದು, ಕಲ್ಕತ್ತದಲ್ಲಿ ಚಿಕಿತ್ಸೆ ಆರಂಭಿಸಿದರು.