ಆ 2,400 ಎಂಬಿ ಎಲ್ಲಿಂದ ಬಂತು?

ಗಂಗಾವತಿಯ ಗೆಳೆಯರೇ,

ರೇಡ್, ಅಂದರೆ ಹಲವು ಡಿಸ್ಕ್ ಸೇರಿಸಿ ಒಂದರಂತೆ ಬಳಸುವ ಜೋಡಣೆಗಳ ವೇಗ ಹೋಲಿಸಿ ನೀವು ನಮ್ಮ ಪತ್ರಿಕೆಗೆ ಬರೆದ ಲೇಖನ ತಲುಪಿತು. ಎರಡು ಸಲ ಓದಿದೆ. ರೈಸ್ ಮಿಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ನೀವು, ನಾಲ್ಕು ಹಾರ್ಡ್ ಡಿಸ್ಕ್‌ಗಳನ್ನು ರೇಡ್ 0, 5, 6, 10 ಅಂತ ಬೇರೆ ಬೇರೆ ರೀತಿ ಕಟ್ಟಿ, ಅಳೆದು, ಪಟ್ಟಿ ಮಾಡಿದ್ದೀರಿ. ಆದರೆ ಈಗಿರುವಂತೆ ಇದನ್ನು ಹಾಕಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿ ಹೇಳಿಬಿಡುತ್ತೇನೆ.

ಎರಡನೇ ಪುಟದ ಪಟ್ಟಿ ನೋಡಿ. ರೇಡ್ 5ರಲ್ಲಿ ಓದುವ ವೇಗ ಸೆಕೆಂಡಿಗೆ 2,400 ಎಂಬಿ ಅಂತ ಇದೆ. ನಿಮ್ಮವು ನಿಮಿಷಕ್ಕೆ 7,200 ಸುತ್ತು ತಿರುಗುವ ಮಾಮೂಲಿ ಡಿಸ್ಕ್. ಅಂಥ ಒಂದು ಡಿಸ್ಕ್ ಸಾಲಾಗಿ ಓದಿದರೆ ಸೆಕೆಂಡಿಗೆ 150ರಿಂದ 200 ಎಂಬಿ ಕೊಡುತ್ತದೆ. ಸ್ವಲ್ಪ ಜಾಸ್ತಿ ಅಂತಲೇ ಇಟ್ಟುಕೊಳ್ಳಿ. ನಾಲ್ಕೂ ಸೇರಿ ದುಡಿದರೂ ಸಾವಿರದ ಹತ್ತಿರ ಬಂದರೆ ಹೆಚ್ಚು. ಹಾಗಾದರೆ ಉಳಿದದ್ದು ಎಲ್ಲಿಂದ ಬಂತು? ಉತ್ತರ ನಿಮ್ಮ ಮೊದಲ ಪುಟದಲ್ಲೇ ಇದೆ. ಪರೀಕ್ಷೆಯ ಫೈಲ್ 1 ಜಿಬಿ, ಸರ್ವರಿನ ತಾತ್ಕಾಲಿಕ ನೆನಪು, ಅಂದರೆ ರ‍್ಯಾಮ್ 16 ಜಿಬಿ. ಫೈಲ್ ಪೂರ್ತಿ ರ‍್ಯಾಮಿನಲ್ಲಿ ಹೋಗಿ ಕೂತಿದೆ. ನೀವು ಅಳೆದದ್ದು ಡಿಸ್ಕನ್ನಲ್ಲ, ರ‍್ಯಾಮನ್ನು. ನಾಲ್ಕೂ ಜೋಡಣೆಗೆ ಹೆಚ್ಚುಕಮ್ಮಿ ಒಂದೇ ಅಂಕಿ ಬಂದಾಗಲೇ ಅನುಮಾನ ಬರಬೇಕಿತ್ತು, ಅಲ್ವಾ? ಫೈಲನ್ನು 32 ಜಿಬಿಗಿಂತ ದೊಡ್ಡದು ಮಾಡಿ, ಇಲ್ಲವೇ ಕ್ಯಾಶ್ (ಓದಿದ್ದನ್ನು ರ‍್ಯಾಮಿನಲ್ಲಿ ಇಟ್ಟುಕೊಳ್ಳುವ ಜಾಗ) ಮುಟ್ಟದೆ ನೇರ ಡಿಸ್ಕಿಗೆ ಹೋಗುವ ಆಯ್ಕೆ ಹಾಕಿ.

ಇನ್ನೊಂದು. ರೇಡ್ 5 ಕಟ್ಟಿದ ಹತ್ತೇ ನಿಮಿಷಕ್ಕೆ ಪರೀಕ್ಷೆ ಶುರು ಮಾಡಿದ್ದೀರಿ. ಸರ್ವರ್ ನಡೆಸುವ ಲಿನಕ್ಸ್ ಆಗಿನ್ನೂ ತೆರೆಮರೆಯಲ್ಲಿ ಪ್ಯಾರಿಟಿ, ಅಂದರೆ ಒಂದು ಡಿಸ್ಕ್ ಹೋದರೆ ಅದರಲ್ಲಿದ್ದದ್ದನ್ನು ವಾಪಸ್ ಪಡೆಯಲು ಬೇಕಾದ ಲೆಕ್ಕ, ತುಂಬುತ್ತಾ ಇರುತ್ತದೆ. 4 ಟಿಬಿ ಡಿಸ್ಕಿಗೆ ಅದು ಗಂಟೆಗಟ್ಟಲೆ ಕೆಲಸ. ಮುಗಿಯುವ ತನಕ ಕಾಯಬೇಕು.

ಓದುವ ವೇಗಕ್ಕೆ ಮೂರು ಪುಟ ಕೊಟ್ಟಿದ್ದೀರಿ, ಬರೆಯುವ ವೇಗಕ್ಕೆ ನಾಲ್ಕು ಸಾಲು. ನನ್ನ ಪ್ರಕಾರ ತಿರುಳು ಇರುವುದೇ ಆ ನಾಲ್ಕು ಸಾಲಿನಲ್ಲಿ. ‘ಪ್ಯಾರಿಟಿಯಿಂದಾಗಿ ರೇಡ್ 5 ನಿಧಾನ’ ಅಂದರೆ ಓದುಗನಿಗೆ ಏನು ತಿಳಿಯಿತು? ನಿಮ್ಮ ಮಿಲ್ಲಿನ ಲೆಕ್ಕದ ಪುಸ್ತಕವನ್ನೇ ತೆಗೆದುಕೊಳ್ಳಿ. ಮೂರು ಲಾರಿಯ ಚೀಲ ಬರೆದಿದ್ದಾರೆ: 210, 180, 240. ಕೆಳಗೆ ಒಟ್ಟು 630. ಮಧ್ಯದ ಅಂಕಿಯ ಮೇಲೆ ಚಹಾ ಚೆಲ್ಲಿತು ಅನ್ನಿ. ಒಟ್ಟಿನಲ್ಲಿ ಉಳಿದೆರಡನ್ನು ಕಳೆದರೆ 180 ವಾಪಸ್ ಸಿಗುತ್ತದೆ. ಪ್ಯಾರಿಟಿ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ಈಗ 180 ಇದ್ದದ್ದನ್ನು 185 ಮಾಡಬೇಕು. ಹಳೇ ಅಂಕಿ ನೋಡಬೇಕು, ಹಳೇ ಒಟ್ಟು ನೋಡಬೇಕು, ಹೊಸ ಅಂಕಿ ಬರೆಯಬೇಕು, ಹೊಸ ಒಟ್ಟು ಬರೆಯಬೇಕು. ಒಂದು ತಿದ್ದುಪಡಿಗೆ ನಾಲ್ಕು ಕೆಲಸ. ರೇಡ್ 6ರಲ್ಲಿ ಎರಡು ಥರದ ಒಟ್ಟು ಇರುವುದರಿಂದ ಆರು. ರೇಡ್ 10ರಲ್ಲಿ ಎರಡೇ, ಯಾಕಂದರೆ ಅಲ್ಲಿ ಬರೀ ನಕಲು.

ಇದಕ್ಕೆ ಅಂಕಿ ಸೇರಿಸಿ. ನಿಮ್ಮ ಡಿಸ್ಕ್ ಸೆಕೆಂಡಿಗೆ 120 ಸುತ್ತು ಹೊಡೆಯುತ್ತದೆ. ಬೇಕಾದ ಜಾಗ ಓದುವ-ಬರೆಯುವ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗೆ ಸ್ವಲ್ಪ ಮೇಲೆ. ಹೆಡ್ ಅಲ್ಲಿಗೆ ಸರಿಯಲು ಇನ್ನೊಂದು 8, 9. ಹೀಗೆ ಚದುರಿದ ಕೆಲಸ ಸೆಕೆಂಡಿಗೆ 75-80 ಆದರೆ ದೊಡ್ಡದು. ನಾಲ್ಕು ಡಿಸ್ಕಿಗೆ ಸುಮಾರು 300. ರೇಡ್ 5ರಲ್ಲಿ ಬರೆಯುವಾಗ ನಾಲ್ಕರಿಂದ ಭಾಗಿಸಿ: 75. ನಾಲ್ಕು ಡಿಸ್ಕಿಗೆ ದುಡ್ಡು ಕೊಟ್ಟು ಒಂದು ಡಿಸ್ಕಿನ ವೇಗ! ರೇಡ್ 10 ಆದರೆ 150. ನಿಮ್ಮ ಪಟ್ಟಿಯಲ್ಲಿ ಇದೇ ಜಾಗದಲ್ಲಿ 9,000 ಇದೆ. ಅದೂ ರ‍್ಯಾಮಿನ ಆಟವೇ.

‘ವೇಬ್ರಿಡ್ಜ್ ಚೀಟಿ ಬರುವಷ್ಟರಲ್ಲಿ ಡ್ರೈವರ್ ಒಂದು ಬೀಡಿ ಸೇದಿ ಮುಗಿಸುತ್ತಾನೆ’ ಅಂತ ಒಂದು ಸಾಲು ಬರೆದಿದ್ದೀರಲ್ಲ, ಅದು ಬಹಳ ಹಿಡಿಸಿತು. ಚೀಟಿಯ ಲೆಕ್ಕ ಬರೀ ಚಿಕ್ಕ ಚಿಕ್ಕ ತಿದ್ದುಪಡಿ. ಅದಕ್ಕೆ ರೇಡ್ 10 ಒಳ್ಳೆಯದು. ಗೋದಾಮಿನ ಕ್ಯಾಮೆರಾ ಸುಮ್ನೆ ಉದ್ದಕ್ಕೆ ಬರೆಯುತ್ತಾ ಹೋಗುತ್ತದೆ. ಎಲ್ಲ ಡಿಸ್ಕಿಗೂ ಹರಡಿದ ಇಡೀ ಸಾಲು ಒಟ್ಟಿಗೆ ಬರೆದರೆ ಹಳೆಯದನ್ನು ಓದುವ ಗೋಜೇ ಇಲ್ಲ, ಹಾಗಾಗಿ ಅಲ್ಲಿ ರೇಡ್ 5 ನಡೆಯುತ್ತದೆ. ಜಾಗವೂ 16ರಲ್ಲಿ 12 ಟಿಬಿ ಸಿಗುತ್ತದೆ, ರೇಡ್ 10ರಲ್ಲಿ 8 ಮಾತ್ರ. ಒಂದೇ ಮಿಲ್ಲಿನಲ್ಲಿ ಎರಡು ಉತ್ತರ. ನೀವು ಮಾತ್ರ ‘ರೇಡ್ 0 ಎಲ್ಲಕ್ಕಿಂತ ಉತ್ತಮ’ ಅಂತ ಮುಗಿಸಿದ್ದೀರಿ. ಅದು ಬೇಡವೇ ಬೇಡ. ಅಲ್ಲಿ ನಕಲೂ ಇಲ್ಲ, ಪ್ಯಾರಿಟಿಯೂ ಇಲ್ಲ. ಒಂದು ಡಿಸ್ಕ್ ಹೋದರೆ ಎಲ್ಲವೂ ಹೋಯಿತು.

ಮಿರರ್ (ಒಂದು ಡಿಸ್ಕಿನ ನಕಲು ಇನ್ನೊಂದರಲ್ಲಿ) ಇದ್ದರೆ ಬ್ಯಾಕಪ್ ಬೇಡ ಅನ್ನುವ ಸಾಲನ್ನೂ ಹೊಡೆದು ಹಾಕಿದ್ದೇನೆ. ಹೀಗೇ ನಂಬಿ ನಾನೇ ಒಮ್ಮೆ ಒಂದು ಸಂಚಿಕೆಯ ಫೋಲ್ಡರ್ ಅಳಿಸಿಕೊಂಡೆ. ಎರಡೂ ಡಿಸ್ಕಿನಿಂದ ಒಂದೇ ಕ್ಷಣಕ್ಕೆ ಮಾಯ.

ಭಾಷೆ ಬಗ್ಗೆ ಒಂದೇ ಮಾತು. ಡಿಸ್ಕಿಗೆ ‘ದತ್ತಾಂಶ ತಟ್ಟೆ’ ಅಂದಿದ್ದೀರಿ. ನಿಮ್ಮ ಮಿಲ್ಲಿನಲ್ಲಿ ಹಾಗೆ ಕೇಳಿದರೆ ಊಟದ ತಟ್ಟೆ ತಂದುಕೊಡುತ್ತಾರೆ. ಡಿಸ್ಕ್ ಅಂತಲೇ ಬರೆಯಿರಿ.

ಮತ್ತೆ ಅಳೆಯುವಾಗ ಇನ್ನೊಂದು ಪರೀಕ್ಷೆ ಸೇರಿಸಿ. ಒಂದು ಡಿಸ್ಕ್ ಎಳೆದು ಹೊರಗಿಟ್ಟು ವೇಗ ನೋಡಿ. ಹೊಸದು ಹಾಕಿ, ಪೂರ್ತಿ ತುಂಬಲು ಎಷ್ಟು ಹೊತ್ತು ಹಿಡಿಯಿತು ಬರೆಯಿರಿ. 4 ಟಿಬಿಗೆ ಸೆಕೆಂಡಿಗೆ 150 ಎಂಬಿ ಲೆಕ್ಕದಲ್ಲೇ ಏಳು ಗಂಟೆ ದಾಟುತ್ತದೆ, ಕೆಲಸದ ನಡುವೆ ಇನ್ನೂ ಜಾಸ್ತಿ. ಆದರೆ ಇದನ್ನು ಮಿಲ್ಲಿನ ಸರ್ವರಿನಲ್ಲಿ ಮಾಡಬೇಡಿ, ಅದರಲ್ಲೂ ಭತ್ತದ ಲಾರಿಗಳು ಗೇಟಿನಲ್ಲಿ ನಿಂತಿರುವಾಗ. ಬೇರೆ ಹಳೇ ಕಂಪ್ಯೂಟರ್ ಸಿಗುವ ತನಕ ನಾನು ಕಾಯುತ್ತೇನೆ.

ಸಂಪಾದಕ
ಬಳ್ಳಾರಿ