ಬಿಳಿ ರಕ್ತಕಣ ಲಕ್ಷ ದಾಟಿದ್ದರೂ ಸೋಂಕು ಏಕೆ?

ರಕ್ತ ಕ್ಯಾನ್ಸರ್ ಆದವರಲ್ಲಿ ಬಿಳಿ ರಕ್ತಕಣ ಅಷ್ಟೊಂದಿದ್ದರೂ ಪದೇಪದೇ ಜ್ವರ, ನ್ಯುಮೋನಿಯಾ ಏಕೆ ಎಂದು ಕೇಳಿದ್ದೀರಿ. ಮಾಲೂರಿನ ನಮ್ಮ ದೊಡ್ಡಪ್ಪನೂ ನಾಲ್ಕು ಮಡಿಕೆಯಾಗಿದ್ದ ವರದಿಯನ್ನು ಜೇಬಿನಿಂದ ತೆಗೆದು ಬಿಡಿಸುತ್ತಾ ಇದನ್ನೇ ಕೇಳಿದ್ದರು: "ಕಾವಲಿನವರು ಹೆಚ್ಚಾದರೆ ಒಳ್ಳೆಯದಲ್ಲವೇನಪ್ಪಾ?"

ರಾಗಿ ತೂರಿದವರಿಗೆ ಇದು ಬೇಗ ಅರ್ಥವಾಗುತ್ತದೆ. ರಾಶಿ ದೊಡ್ಡದಿದ್ದರೂ ಜೊಳ್ಳೇ ತುಂಬಿರಬಹುದು. ಆರೋಗ್ಯವಂತರಲ್ಲಿ ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 4,000ದಿಂದ 11,000 ಬಿಳಿಕಣಗಳಿರುತ್ತವೆ. ತೀವ್ರ ಲ್ಯುಕೇಮಿಯಾ ಎಂಬ, ವೇಗವಾಗಿ ಬೆಳೆಯುವ ರಕ್ತ ಕ್ಯಾನ್ಸರ್‌ನಲ್ಲಿ ಹೆಚ್ಚುವುದು ಬಲಿಯದ ಬ್ಲಾಸ್ಟ್ ಕಣಗಳು. ಅವು ರೋಗಾಣುಗಳನ್ನು ಎದುರಿಸಲಾರವು. ಸಾಲದ್ದಕ್ಕೆ ರಕ್ತಕಣಗಳು ಹುಟ್ಟುವ ಅಸ್ಥಿಮಜ್ಜೆಯಲ್ಲಿ ಜಾಗ ಹಿಡಿದು, ಬ್ಯಾಕ್ಟೀರಿಯಾ ನುಂಗುವ ನ್ಯೂಟ್ರೋಫಿಲ್‌ಗಳು ಹುಟ್ಟದಂತೆ ಮಾಡುತ್ತವೆ. ಹಾಗಾಗಿ ವರದಿಯಲ್ಲಿ ಒಟ್ಟು ಸಂಖ್ಯೆಯನ್ನಲ್ಲ, ನ್ಯೂಟ್ರೋಫಿಲ್ ಎಷ್ಟಿದೆ ಎಂಬುದನ್ನು ನೋಡಿ. ಅದು ಮೈಕ್ರೋಲೀಟರಿಗೆ 500ಕ್ಕಿಂತ ಕಡಿಮೆಯಾದರೆ ಅಪಾಯ ಬಹಳ.

ಎಲ್ಲ ರಕ್ತ ಕ್ಯಾನ್ಸರ್‌ಗಳೂ ಹೀಗೆಯೇ ಅಲ್ಲ. ಮೈಲೋಮಾ ಎಂಬ ಬಗೆಯಲ್ಲಿ, ರೋಗಾಣುಗಳ ವಿರುದ್ಧ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕಣಗಳು ಕೆಲಸಕ್ಕೆ ಬಾರದ ಒಂದೇ ಬಗೆಯ ಪ್ರತಿಕಾಯವನ್ನು ಹೇರಳವಾಗಿ ತಯಾರಿಸುತ್ತವೆ, ಬೇಕಾದ ಪ್ರತಿಕಾಯಗಳು ಕುಸಿಯುತ್ತವೆ. ನಿಧಾನವಾಗಿ ಬೆಳೆಯುವ ಲಿಂಫೋಸೈಟಿಕ್ ಲ್ಯುಕೇಮಿಯಾದಲ್ಲಿ, ರೋಗಾಣುಗಳ ಮೇಲೆ ದಾಳಿ ಮಾಡುವ ಟಿ ಕಣಗಳೆಂಬ ಬಿಳಿಕಣಗಳೇ ದಣಿದುಬಿಡುತ್ತವೆ. ದಾಳಿಗೆ ತಡೆಯೊಡ್ಡುವ ಪಿಡಿ-1 ಎಂಬ ಪ್ರೋಟೀನ್ ಅವುಗಳ ಮೈಮೇಲೆ ಹೆಚ್ಚಾಗಿರುತ್ತದೆ. ಇದೇ ಟಿ ಕಣಗಳನ್ನು ಚಿಕಿತ್ಸೆಗೂ ಬಳಸುತ್ತಾರೆ. ರೋಗಿಯ ಟಿ ಕಣಗಳನ್ನೇ ಹೊರತೆಗೆದು, ಕ್ಯಾನ್ಸರ್ ಗುರುತಿಸುವಂತೆ ತಿದ್ದಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆಗೆ, ಬಿ ಕಣಗಳೆಂಬ ಇನ್ನೊಂದು ಬಗೆಯ ಬಿಳಿಕಣಗಳ ಆಯ್ದ ಕ್ಯಾನ್ಸರ್‌ಗಳಿಗಾಗಿ, 2023ರಲ್ಲಿ ನಮ್ಮ ದೇಶದಲ್ಲೂ ಅನುಮತಿ ಸಿಕ್ಕಿದೆ.

ಒಂದು ಮಾತನ್ನು ದಯವಿಟ್ಟು ಮರೆಯಬೇಡಿ. ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಬೆಳಿಗ್ಗೆ ಬೆಂಗಳೂರಿಗೆ ಹೋದರಾಯಿತು ಎಂದು ಮಾತ್ರೆ ನುಂಗಿ ಮಲಗಬೇಡಿ. ಆ ರಾತ್ರಿಯೇ ಕೋಲಾರದ ದೊಡ್ಡ ಆಸ್ಪತ್ರೆಗಾದರೂ ಹೋಗಿ, ಕೀಮೋ ಆಗುತ್ತಿದೆ ಎಂದು ಬಾಗಿಲಲ್ಲೇ ಹೇಳಿ.