ಮಾರ್ಚ್ 31ರ ಬಿಲ್‌ಗಳು ಎಲ್ಲಿ ಹೋದವು?

ಪ್ರಶ್ನೆ: ಒಂದು ಕಲ್ಯಾಣ ಮಂಟಪಕ್ಕೆ ಬುಕಿಂಗ್ ಮತ್ತು ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಮಾರ್ಚ್ ಲೆಕ್ಕಕ್ಕೆ 'ಬಿಟ್ವೀನ್' (ಇಲ್ಲಿಂದ ಇಲ್ಲಿಯವರೆಗೆ ಎಂದು ಕೇಳುವ ಷರತ್ತು) ಹಾಕಿ 1ರಿಂದ 31ರವರೆಗೆ ಕೇಳಿದರೆ 31ನೇ ತಾರೀಖಿನ ಬಿಲ್‌ಗಳೇ ಬರುತ್ತಿರಲಿಲ್ಲ. ಕೊನೆಗೆ 23:59:59 ಸೇರಿಸಿದೆ, ಈಗ ಬರುತ್ತಿವೆ. ಇಷ್ಟು ಸಾಕಾ?

ಉತ್ತರ: ಸಾಲದು. ಬರೀ 31 ಎಂದು ಬರೆದರೆ ಡೇಟಾಬೇಸ್ ಅದನ್ನು 31ರ 00:00:00 ಎಂದು ಓದುತ್ತದೆ. ಬೆಳಿಗ್ಗೆ ಹತ್ತಕ್ಕೆ ಮಾಡಿದ ಬಿಲ್ ಅದರ ನಂತರದ್ದು, ಅದಕ್ಕೇ ಬಿಟ್ಟುಹೋಯಿತು. 23:59:59 ಹಾಕಿದರೂ ಕೊನೆಯ ಸೆಕೆಂಡಿನಲ್ಲಿ ಸಂದು ಉಳಿಯುತ್ತದೆ. ಪೋಸ್ಟ್‌ಗ್ರೆಸ್ ಮೈಕ್ರೋಸೆಕೆಂಡ್‌ವರೆಗೂ ಸಮಯ ಇಡುತ್ತದೆ. 23:59:59.4ಕ್ಕೆ ಬಂದ ಆನ್‌ಲೈನ್ ಅಡ್ವಾನ್ಸ್ ನಿಮ್ಮ ಲೆಕ್ಕಕ್ಕೆ ಸಿಗುವುದಿಲ್ಲ. ಕೆಲವರು .999 ಸೇರಿಸುತ್ತಾರೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ನಲ್ಲಿ ಸಮಯ ಇಡುವ ಹಳೆಯ ಬಗೆ 'ಡೇಟ್‌ಟೈಮ್' ಅದನ್ನು ಮರುದಿನದ 00:00ಕ್ಕೆ ರೌಂಡ್ ಮಾಡಿಬಿಡುತ್ತದೆ!

ದಿನದ ಕೊನೆಯ ಕ್ಷಣ ಹುಡುಕುವುದನ್ನೇ ಬಿಡಿ. ಶುರುವಿನ ತುದಿ ಸೇರಲಿ, ಕೊನೆಯ ತುದಿ ಸೇರದಿರಲಿ. ಅಂದರೆ ಮಾರ್ಚ್ 1ರ 00:00 ಅಥವಾ ನಂತರ (>=), ಏಪ್ರಿಲ್ 1ರ 00:00ಕ್ಕಿಂತ ಮೊದಲು (<). ಫೆಬ್ರವರಿಗೆ 28 ದಿನವೋ 29 ದಿನವೋ ನೋಡಬೇಕಾಗಿಲ್ಲ. ಯಾವ ಬಿಲ್ಲೂ ಎರಡು ತಿಂಗಳಲ್ಲಿ ಬರುವುದಿಲ್ಲ, ಯಾವುದೂ ತಪ್ಪಿಸಿಕೊಳ್ಳುವುದಿಲ್ಲ. ಕಾಲಮ್ಮನ್ನೇ ತಾರೀಖಿಗೆ ಬದಲಿಸಿ ಹೋಲಿಸಲು ಹೋಗಬೇಡಿ. ಅದರ ಮಾಮೂಲಿ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಆಗ ಕೆಲಸಕ್ಕೆ ಬರುವುದಿಲ್ಲ.

ನೀವು ಕೇಳದ ಒಂದು ವಿಷಯದ ಬಗ್ಗೆ ನನಗೆ ಇದಕ್ಕಿಂತ ಜಾಸ್ತಿ ಚಿಂತೆ. ಈ 00:00 ಎಲ್ಲಿಯದು? ಡೇಟಾಬೇಸ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಲೆಕ್ಕದಲ್ಲಿದ್ದರೆ ಅದರ ನಡುರಾತ್ರಿ ನಮಗೆ ಬೆಳಿಗ್ಗೆ 5:30. ಏಪ್ರಿಲ್ 1ರಂದು ಅಷ್ಟರೊಳಗೆ ಬಂದ ಹಣ ಮಾರ್ಚ್‌ಗೆ, ಅಂದರೆ ಹಿಂದಿನ ಹಣಕಾಸು ವರ್ಷಕ್ಕೆ ಸೇರಿಬಿಡುತ್ತದೆ. ಆಡಿಟರ್ ಇದನ್ನು ಸುಮ್ನೆ ಬಿಡುವುದಿಲ್ಲ, ಅಲ್ವಾ? ಕಾಲಮ್ 'ಟೈಮ್‌ಸ್ಟ್ಯಾಂಪ್ ವಿತ್ ಟೈಮ್ ಝೋನ್' (ಸಮಯ ವಲಯವನ್ನೂ ಗಮನಿಸುವ ಬಗೆ) ಆಗಿರಲಿ. ಎರಡೂ ತುದಿಗಳಿಗೆ +05:30 (ಅಂದರೆ ಭಾರತದ ಸಮಯ) ಬರೆಯಿರಿ.

ಬುಕಿಂಗ್‌ಗೂ ಇದೇ ನಿಯಮ. ಒಂದು ಮದುವೆಯವರು ಸಂಜೆ ನಾಲ್ಕಕ್ಕೆ ಖಾಲಿ ಮಾಡಿ, ಇನ್ನೊಬ್ಬರು ನಾಲ್ಕಕ್ಕೇ ಬಂದರೆ ಅದು ಕ್ಲ್ಯಾಶ್ ಅಲ್ಲ. ಮೊದಲನೆಯದರ ಶುರು ಎರಡನೆಯದರ ಕೊನೆಗಿಂತ ಮುಂಚೆ ಇರಬೇಕು, ಎರಡನೆಯದರ ಶುರು ಮೊದಲನೆಯದರ ಕೊನೆಗಿಂತ ಮುಂಚೆ ಇರಬೇಕು. ಎರಡೂ ನಿಜವಾದರೆ ಮಾತ್ರ ಕ್ಲ್ಯಾಶ್. ಈ ಪರೀಕ್ಷೆ ನಿಮ್ಮ ಕೋಡ್‌ನಲ್ಲಿ ಮಾತ್ರ ಇದ್ದರೆ, ಇಬ್ಬರು ಒಟ್ಟಿಗೇ ಬಟನ್ ಒತ್ತಿದಾಗ ಇಬ್ಬರಿಗೂ ಮಂಟಪ ಸಿಕ್ಕಿಬಿಡಬಹುದು. ಪೋಸ್ಟ್‌ಗ್ರೆಸ್‌ನಲ್ಲಿ 2012ರ 9.2 ಆವೃತ್ತಿಯಿಂದಲೂ ರೇಂಜ್ ಟೈಪ್‌ಗಳಿವೆ, ಅಂದರೆ ಒಂದು ಅವಧಿಯನ್ನು ಒಂದೇ ಕಾಲಮ್‌ನಲ್ಲಿ ಇಡುವ ಬಗೆಗಳು. ಶುರು, ಕೊನೆ ಎರಡನ್ನೂ ಅದರಲ್ಲಿಟ್ಟು 'ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್' (ಒಂದರ ಮೇಲೊಂದು ಬೀಳುವ ಅವಧಿಗಳನ್ನು ಸೇರಿಸಲು ಬಿಡದ ನಿಯಮ) ಹಾಕಿ. ಎರಡನೇ ಬುಕಿಂಗನ್ನು ಡೇಟಾಬೇಸೇ ತಡೆಯುತ್ತದೆ.